ಅಂತರ್ಯುದ್ಧಕ್ಕೆ ಮುಂಚೆ ಅಮೆರಿಕ ಎಲ್ಲೆಲ್ಲಿ ಒಡೆದಿತ್ತು?

ಪ್ರಶ್ನೆ: ಅಮೆರಿಕದ ಅಂತರ್ಯುದ್ಧವೆಂದರೆ ಕಾರ್ಖಾನೆಗಳ ಉತ್ತರಕ್ಕೂ ಹತ್ತಿ ಹೊಲಗಳ ದಕ್ಷಿಣಕ್ಕೂ ನಡೆದ ಕಾಳಗ ಎಂದು ಶಾಲೆಯಲ್ಲಿ ಓದಿದ್ದೆ. ಈಗ ಮಗಳೂ ಅದನ್ನೇ ಓದುತ್ತಿದ್ದಾಳೆ. ಆಮದು ಸುಂಕ ಮತ್ತು ರಾಜ್ಯಗಳ ಹಕ್ಕು ನಿಜವಾದ ಕಾರಣ, ಗುಲಾಮಗಿರಿಯ ಮಾತು ಆಮೇಲೆ ಸೇರಿಸಿದ್ದು ಎಂದು ಪರಿಚಿತರೊಬ್ಬರು ವಾದಿಸುತ್ತಾರೆ. ಯುದ್ಧಕ್ಕೆ ಮುಂಚೆ ಆ ಎರಡು ಭಾಗಗಳು ಅಷ್ಟೊಂದು ಬೇರೆಯಾಗಿದ್ದವೇ? ದಕ್ಷಿಣದ ಬಿಳಿಯರೆಲ್ಲ ಗುಲಾಮರನ್ನು ಇಟ್ಟುಕೊಂಡಿದ್ದರೇ? ಉತ್ತರದವರು ನಿಜಕ್ಕೂ ಅಷ್ಟು ಒಳ್ಳೆಯವರೇ?
(ಹಾವೇರಿ ಜಿಲ್ಲೆಯ ಓದುಗರು)

ಉತ್ತರ: ನಿಮ್ಮ ಮಗಳ ಪಾಠದ ಒಂದೊಂದು ವಾಕ್ಯವೂ ಬಿಡಿಬಿಡಿಯಾಗಿ ಸರಿಯೇ ಇದ್ದೀತು. ಉತ್ತರದಲ್ಲಿ ಕಾರ್ಖಾನೆಗಳು ಹೆಚ್ಚಿದ್ದವು, ದಕ್ಷಿಣದಲ್ಲಿ ಹತ್ತಿ ಬೆಳೆಯುತ್ತಿತ್ತು, ಸುಂಕದ ಬಗ್ಗೆ ಜಗಳಗಳೂ ಆಗಿದ್ದವು. ಆದರೆ ಇವನ್ನೇ ಕಾರಣವೆಂದು ಜೋಡಿಸಿ ಹೇಳಿದಾಗ ಸುಮಾರು 40 ಲಕ್ಷ ಮನುಷ್ಯರು ಕಥೆಯಿಂದಲೇ ಕಾಣೆಯಾಗುತ್ತಾರೆ. 1860ರ ಜನಗಣತಿಯ ಪ್ರಕಾರ ಅಮೆರಿಕದ ಜನಸಂಖ್ಯೆ 3 ಕೋಟಿ 14 ಲಕ್ಷ. ಅದರಲ್ಲಿ 39 ಲಕ್ಷ 53 ಸಾವಿರ ಜನ ಗುಲಾಮರು, ಅಂದರೆ ಕಾನೂನಿನ ಪ್ರಕಾರ ಇನ್ನೊಬ್ಬರ ಸೊತ್ತು. ಎಂಟು ಜನರಲ್ಲಿ ಒಬ್ಬರು. ಆ ದೇಶ ಎಲ್ಲಿ ಹೇಗೆ ಬಿರುಕು ಬಿಟ್ಟಿತ್ತು ಎಂದು ತಿಳಿಯಬೇಕಾದರೆ, ಕಾರ್ಖಾನೆಗಳನ್ನು ಎಣಿಸುವ ಮೊದಲು ಈ ಜನ ಎಲ್ಲೆಲ್ಲಿ ಎಷ್ಟು ದಟ್ಟವಾಗಿದ್ದರು ಎಂಬುದನ್ನು ನೋಡಬೇಕು ಎಂಬುದೇ ನನ್ನ ಉತ್ತರದ ತಿರುಳು.

ಹಾಗೆ ನೋಡಲು ಅಂದಿನವರೇ ಮಾಡಿಟ್ಟ ಒಂದು ನಕ್ಷೆ ಇದೆ. 1861ರ ಸೆಪ್ಟೆಂಬರಿನಲ್ಲಿ, ಯುದ್ಧ ಶುರುವಾಗಿ ಕೆಲವೇ ತಿಂಗಳಾಗಿದ್ದಾಗ, ಅಮೆರಿಕದ ಕರಾವಳಿ ಸರ್ವೇಕ್ಷಣಾ ಇಲಾಖೆಯ ಎಡ್ವಿನ್ ಹರ್ಗೆಶೈಮರ್ ಅದನ್ನು ಸಿದ್ಧಪಡಿಸಿದರು. 1860ರ ಗಣತಿಯಿಂದ ಒಂದೊಂದು ಕೌಂಟಿಯ (ನಮ್ಮ ತಾಲ್ಲೂಕು, ಜಿಲ್ಲೆಯಂಥ ಆಡಳಿತ ವಿಭಾಗ) ಲೆಕ್ಕ ತೆಗೆದು, ಅಲ್ಲಿನ ಜನರಲ್ಲಿ ನೂರಕ್ಕೆ ಎಷ್ಟು ಮಂದಿ ಗುಲಾಮರು ಎಂಬ ಅಂಕಿಯನ್ನು ಆ ಕೌಂಟಿಯ ಮೇಲೆಯೇ ಬರೆದಿದ್ದಾರೆ. ಪ್ರಮಾಣ ಹೆಚ್ಚಿದಷ್ಟೂ ಬಣ್ಣ ಕಪ್ಪಾಗುತ್ತದೆ. ಅಂದಿನ ಅಧ್ಯಕ್ಷ ಅಬ್ರಹಾಂ ಲಿಂಕನ್ ಈ ನಕ್ಷೆಯನ್ನು ಆಗಾಗ ಬಿಡಿಸಿ ನೋಡುತ್ತಿದ್ದರು. ಗುಲಾಮರ ವಿಮೋಚನಾ ಘೋಷಣೆಯ ಕರಡನ್ನು ಅವರು ಸಚಿವರ ಮುಂದೆ ಓದುವ ದೃಶ್ಯವನ್ನು ಫ್ರಾನ್ಸಿಸ್ ಕಾರ್ಪೆಂಟರ್ ಎಂಬ ಕಲಾವಿದ ಚಿತ್ರಿಸಿದಾಗ, ಈ ನಕ್ಷೆಯನ್ನೂ ಒಂದು ಮೂಲೆಯಲ್ಲಿ ಸೇರಿಸಿದ.

ನಕ್ಷೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ದಕ್ಷಿಣ ಒಂದೇ ಬಣ್ಣದಲ್ಲಿಲ್ಲ ಎಂಬುದು. ಮಿಸಿಸಿಪಿ ನದಿಯ ಎರಡೂ ದಂಡೆಗಳು ಕಡುಕಪ್ಪು. ಅಲ್ಲಿನ ಇಸ್ಸಕ್ವೀನಾ ಎಂಬ ಕೌಂಟಿಯಲ್ಲಿ ನೂರಕ್ಕೆ 92ಕ್ಕಿಂತ ಹೆಚ್ಚು ಜನ ಗುಲಾಮರು. ದಕ್ಷಿಣ ಕೆರೊಲಿನಾ ಮತ್ತು ಜಾರ್ಜಿಯಾದ ಕರಾವಳಿ ಮತ್ತೊಂದು ಕಪ್ಪು ಪಟ್ಟಿ. ಅಲಬಾಮದ ನಡುವೆ ಅಡ್ಡಲಾಗಿ ಹಾದುಹೋಗುವ ಪಟ್ಟಿ ಇನ್ನೊಂದು. ಆದರೆ ಪಶ್ಚಿಮ ವರ್ಜಿನಿಯಾದಿಂದ ಪೂರ್ವ ಟೆನೆಸೀ ಮೂಲಕ ಅಲಬಾಮದ ಉತ್ತರದ ಬೆಟ್ಟಗಳವರೆಗೆ, ಅಪಲೇಚಿಯನ್ ಬೆಟ್ಟಸಾಲಿನುದ್ದಕ್ಕೂ ನಕ್ಷೆ ಬಹುತೇಕ ಬೆಳ್ಳಗಿದೆ. ದಕ್ಷಿಣದ ಹೊಟ್ಟೆಯೊಳಗೇ ಇನ್ನೊಂದು ದಕ್ಷಿಣ.

ಅಲಬಾಮದ ಆ ಪಟ್ಟಿಯ ಬಗ್ಗೆ ನಿಮ್ಮ ಕಡೆಯವರಿಗೆ ಹೇಳುವುದು ಸುಲಭ. ಎಷ್ಟೋ ಕೋಟಿ ವರ್ಷಗಳ ಹಿಂದೆ ಅಲ್ಲಿ ಸಮುದ್ರವಿತ್ತು. ಅದು ಬಿಟ್ಟುಹೋದ ಸುಣ್ಣದ ಪದರದ ಮೇಲೆ ಕಪ್ಪಾದ, ಬೇಸಿಗೆಯಲ್ಲಿ ಬಿರಿಯುವ, ಮಳೆಗೆ ಅಂಟಂಟಾಗುವ ಮಣ್ಣು ಉಂಟಾಯಿತು. ನಿಮ್ಮ ಎರೆ ಭೂಮಿಯ ಜಾತಿಯ ಮಣ್ಣೇ. ಅದು ಹತ್ತಿಗೆ ಹೇಳಿ ಮಾಡಿಸಿದ ನೆಲ. ಹಾಗಾಗಿ ತೋಟಗಳ ಒಡೆಯರು ಅಲ್ಲಿಗೆ ನುಗ್ಗಿದರು, ಗುಲಾಮರನ್ನು ಸಾಲುಸಾಲಾಗಿ ನಡೆಸಿಕೊಂಡು ಬಂದರು. ಬೆಟ್ಟಗಳ ಕಡೆ ನೆಲ ಕಲ್ಲು, ಇಳಿಜಾರು, ಚಳಿ ಹೆಚ್ಚು. ಅಲ್ಲಿ ಸಣ್ಣ ರೈತರು ಮುಸುಕಿನ ಜೋಳ ಬೆಳೆದು, ಹಂದಿ ಸಾಕಿ ಬದುಕುತ್ತಿದ್ದರು. ಹಾಗೆಂದು ಮಣ್ಣೇ ಗುಲಾಮಗಿರಿಯನ್ನು ಹುಟ್ಟಿಸಿತು ಎನ್ನಲಾಗದು. ಅದೇ ಬಗೆಯ ಮಣ್ಣಿನಲ್ಲಿ ಜಗತ್ತಿನ ಬೇರೆ ಕಡೆ ರೈತರು ತಮ್ಮ ಹೊಲದಲ್ಲಿ ತಾವೇ ಹತ್ತಿ ಬೆಳೆದಿದ್ದಾರೆ. ಹತ್ತಿಯಿಂದ ಹಣ ಎಲ್ಲಿ ಹೆಚ್ಚು ಹುಟ್ಟೀತು ಎಂಬುದನ್ನು ಮಣ್ಣು ತೋರಿಸಿತು. ಆ ಹಣಕ್ಕಾಗಿ ಮನುಷ್ಯರನ್ನು ಕೊಂಡುಕೊಳ್ಳಬಹುದು ಎಂಬ ಕಾನೂನನ್ನು ಬರೆದವರು ಮನುಷ್ಯರು.

ಈ ಹಣದ ಗಾತ್ರ ಗೊತ್ತಾಗದೆ ಯುದ್ಧ ಅರ್ಥವಾಗುವುದಿಲ್ಲ. ಅಮೆರಿಕದ ಒಳನಾಡಿನಲ್ಲಿ ಬೆಳೆಯುವ ಗಿಡ್ಡ ಎಳೆಯ ಹತ್ತಿಯಲ್ಲಿ ಅರಳೆ ಕಾಳಿಗೆ ಬಲವಾಗಿ ಅಂಟಿಕೊಂಡಿರುತ್ತದೆ. ಕೈಯಿಂದ ಬಿಡಿಸಿದರೆ ಒಬ್ಬರಿಗೆ ದಿನಕ್ಕೆ ಒಂದು ಪೌಂಡ್ ಅರಳೆ ಸಿಗುವುದೂ ಕಷ್ಟವಾಗಿತ್ತು. 1793ರಲ್ಲಿ ಎಲೈ ವಿಟ್ನಿಯ ಜಿನ್ನಿಂಗ್ ಯಂತ್ರ ಬಂದ ಮೇಲೆ ಆ ತೊಡಕು ಬಗೆಹರಿಯಿತು. ಯಂತ್ರ ಬಂದರೆ ಆಳಿನ ಕೆಲಸ ಕಡಿಮೆಯಾಗಬೇಕು ಎಂದು ನಮಗನ್ನಿಸುತ್ತದೆ. ಇಲ್ಲಿ ಆದದ್ದು ತದ್ವಿರುದ್ಧ. ಕಾಳು ಬಿಡಿಸುವುದು ಸುಲಭವಾದಾಗ ಎಷ್ಟು ಬಿತ್ತಿದರೂ ಮಾರಾಟವಾಗುವ ಕಾಲ ಬಂತು. ಬಿತ್ತಲು, ಕಳೆ ತೆಗೆಯಲು, ಬಿಡಿಸಲು ಕೈಗಳು ಬೇಕಾದವು. 1790ರಲ್ಲಿ ಸುಮಾರು 3,000 ಬೇಲುಗಳಷ್ಟಿದ್ದ ಹತ್ತಿ 1860ರ ಹೊತ್ತಿಗೆ 40 ಲಕ್ಷ ಬೇಲುಗಳ ಆಸುಪಾಸಿಗೆ ಬಂತು. ಅಮೆರಿಕದ ಒಟ್ಟು ರಫ್ತಿನ ಅರ್ಧಕ್ಕಿಂತ ಹೆಚ್ಚು ಮೌಲ್ಯ ಈ ಒಂದೇ ಬೆಳೆಯದು. ಬ್ರಿಟನ್ನಿನ ಗಿರಣಿಗಳಿಗೆ ಬರುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲು ಇಲ್ಲಿಂದಲೇ ಹೋಗುತ್ತಿತ್ತು.

ನಿಮ್ಮ ಜಿಲ್ಲೆಗೂ ಈ ಕಥೆಯಲ್ಲಿ ಜಾಗವಿದೆ. ಒಂದೇ ದೇಶದ ಹತ್ತಿಯನ್ನು ನಂಬಿ ಕೂರುವುದು ಬ್ರಿಟಿಷರಿಗೆ ಅಪಾಯವೆನಿಸಿತ್ತು. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಹತ್ತಿ ತೋಟಗಳಲ್ಲಿ ಪಳಗಿದ ಹತ್ತು ಜನರನ್ನು ಭಾರತಕ್ಕೆ ಕರೆಸಿತು. ಹಲವು ಕಡೆ ಸೋತ ಆ ಪ್ರಯೋಗ ಕೈಹಿಡಿದ ಕೆಲವೇ ಜಾಗಗಳಲ್ಲಿ ಧಾರವಾಡ ಸೀಮೆ ಮುಖ್ಯವಾದದ್ದು. ನ್ಯೂ ಆರ್ಲಿಯನ್ಸ್ ಬೀಜದಿಂದ ಬೆಳೆದ ಆ ಹತ್ತಿಗೆ ಮಾರುಕಟ್ಟೆಯಲ್ಲಿ ಧಾರವಾಡ-ಅಮೆರಿಕನ್ ಎಂದೇ ಹೆಸರಾಯಿತು. ಜವಾರಿ ಹತ್ತಿ ಕುಮಟಾ ಬಂದರಿನಿಂದ ಹೋಗುತ್ತಿದ್ದುದರಿಂದ ಅದನ್ನು ಕುಮಟಾ ಹತ್ತಿ ಎನ್ನುತ್ತಿದ್ದರು. ಯುದ್ಧ ಶುರುವಾಗಿ ದಕ್ಷಿಣದ ಬಂದರುಗಳಿಗೆ ಲಿಂಕನ್ ಸರ್ಕಾರ ದಿಗ್ಬಂಧನ ಹಾಕಿದ ಮೇಲೆ ಇಲ್ಲಿನ ಹತ್ತಿಯ ಬೆಲೆ ಗಗನಕ್ಕೇರಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಕಾರವಾರ ಬಂದರಿನಿಂದ ಹತ್ತಿ ಸಾಗಿಸುವ ಲೆಕ್ಕಾಚಾರವಿತ್ತು. 1865ರಲ್ಲಿ ಯುದ್ಧ ಮುಗಿದೊಡನೆ ಬೆಲೆ ಕುಸಿದು, ಮುಂಬಯಿಯ ಷೇರುಪೇಟೆಯೂ ಮಗುಚಿಕೊಂಡಿತು.

ಮತ್ತೆ ಅಮೆರಿಕಕ್ಕೆ ಹೋಗೋಣ. 1860ರಲ್ಲಿ ಗುಲಾಮರ ಒಟ್ಟು ಮಾರುಕಟ್ಟೆ ಬೆಲೆ ಸುಮಾರು 300 ಕೋಟಿ ಡಾಲರ್ ಎಂದು ಆರ್ಥಿಕ ಇತಿಹಾಸಕಾರರು ಅಂದಾಜು ಮಾಡುತ್ತಾರೆ. ದೇಶದ ಎಲ್ಲ ರೈಲು ಮಾರ್ಗಗಳು ಮತ್ತು ಎಲ್ಲ ಕಾರ್ಖಾನೆಗಳಲ್ಲಿ ಹೂಡಿದ ಬಂಡವಾಳವನ್ನು ಕೂಡಿದರೂ ಅಷ್ಟಾಗುತ್ತಿರಲಿಲ್ಲ. ಈ ಬಂಡವಾಳಕ್ಕೆ ಜೀವವಿತ್ತು, ಅದನ್ನು ಬೇಕೆಂದಲ್ಲಿಗೆ ಸಾಗಿಸಬಹುದಿತ್ತು, ಅಡವಿಟ್ಟು ಸಾಲ ಎತ್ತಬಹುದಿತ್ತು. ವರ್ಜಿನಿಯಾ, ಮೇರಿಲ್ಯಾಂಡ್ ಕಡೆ ತಂಬಾಕು ಬೆಳೆದು ಸವೆದುಹೋದ ನೆಲದ ಒಡೆಯರು ಗೋಧಿಗೆ ತಿರುಗಿದ್ದರು. ಅಷ್ಟು ಆಳುಗಳು ಅವರಿಗೆ ಬೇಡವಾದಾಗ ದಕ್ಷಿಣದ ಹತ್ತಿ ಸೀಮೆಗೆ ಮಾರಿದರು. ಹೀಗೆ 1790ರಿಂದ 1860ರ ನಡುವೆ ಸುಮಾರು ಹತ್ತು ಲಕ್ಷ ಜನ ಒಂದು ಸೀಮೆಯಿಂದ ಇನ್ನೊಂದಕ್ಕೆ ಸಾಗಿದರು. ಕೆಲವರು ಒಡೆಯರ ಜೊತೆಯಲ್ಲಿ, ಉಳಿದವರು ವ್ಯಾಪಾರಿಗಳ ಕೈಯಲ್ಲಿ. ನ್ಯೂ ಆರ್ಲಿಯನ್ಸ್ ಬಿಟ್ಟರೆ ಅತಿ ದೊಡ್ಡ ಗುಲಾಮರ ಸಂತೆ ವರ್ಜಿನಿಯಾದ ರಿಚ್ಮಂಡ್ ಪಟ್ಟಣದಲ್ಲಿತ್ತು. ದಕ್ಷಿಣದ ಮೇಲು ಭಾಗ ಮತ್ತು ಕೆಳ ಭಾಗವನ್ನು ಬೆಸೆದದ್ದು ಈ ವ್ಯಾಪಾರ. ಒಂದು ಕಡೆ ಹತ್ತಿಯ ಬೆಲೆ ಏರಿದರೆ ಇನ್ನೊಂದು ಕಡೆ ಯಾವುದೋ ತಾಯಿಯ ಮಗ ಮಾರಾಟವಾಗುತ್ತಿದ್ದ.

1859ರ ಮಾರ್ಚ್ 2 ಮತ್ತು 3ರಂದು ಜಾರ್ಜಿಯಾದ ಸವಾನಾ ಪಟ್ಟಣದ ಹೊರಗಿನ ಕುದುರೆ ಜೂಜಿನ ಮೈದಾನದಲ್ಲಿ ನಡೆದ ಹರಾಜನ್ನೇ ನೋಡಿ. ಪಿಯರ್ಸ್ ಬಟ್ಲರ್ ಎಂಬ ಒಡೆಯ ಸಾಲಗಳಲ್ಲಿ ಮುಳುಗಿದ್ದ. ಅವನ ಭತ್ತ ಮತ್ತು ಹತ್ತಿಯ ತೋಟಗಳಿಂದ 400ಕ್ಕೂ ಹೆಚ್ಚು ಜನರನ್ನು ತಂದು ಕುದುರೆ ಲಾಯಗಳಲ್ಲಿ ಕೂಡಿಹಾಕಿದರು. ಹರಾಜಿನ ಎರಡು ದಿನವೂ ಮಳೆ. ಕೊಳ್ಳುವವರು ಬಾಯಿ ತೆರೆಸಿ ಹಲ್ಲು ನೋಡಿದರು, ನಡೆಸಿ ನೋಡಿದರು. ಬಂದ ಹಣ ಮೂರು ಲಕ್ಷ ಡಾಲರಿಗೂ ಮೇಲೆ. ಅಲ್ಲಿ ಮಾರಾಟವಾದವರ ಮಕ್ಕಳು ಮೊಮ್ಮಕ್ಕಳು ಆ ಎರಡು ದಿನಗಳನ್ನು ಅಳುವಿನ ಕಾಲವೆಂದು ಕರೆಯುತ್ತಾ ಬಂದಿದ್ದಾರೆ. ಸುಂಕದ ವಾದ ಮಾಡುವ ನಿಮ್ಮ ಪರಿಚಿತರು ಈ ಹರಾಜನ್ನು ಒಮ್ಮೆ ಮನಸ್ಸಿನಲ್ಲಿಟ್ಟುಕೊಂಡು ಮಾತು ಮುಂದುವರಿಸಲಿ ಎಂದು ಕೇಳಿಕೊಳ್ಳುತ್ತೇನೆ.

1860ರ ಗಣತಿಯಲ್ಲಿ ಗುಲಾಮರಿಗೆಂದೇ ಬೇರೆ ಹಾಳೆಯಿತ್ತು. ಎಡಗಡೆ ಒಡೆಯನ ಹೆಸರು. ಅದರ ಪಕ್ಕ ಒಂದು ಅಂಕಿ, ಆಮೇಲೆ ವಯಸ್ಸು, ಲಿಂಗ, ಮೈಬಣ್ಣ. ಓಡಿಹೋದವರೆಷ್ಟು, ಬಿಡುಗಡೆಯಾದವರೆಷ್ಟು, ಕುರುಡರು ಮೂಗರು ಯಾರು, ಗುಲಾಮರಿಗೆ ಮನೆಗಳು ಎಷ್ಟು ಎಂಬುದಕ್ಕೆಲ್ಲ ಅಂಕಣಗಳಿವೆ. ಆ ಮನುಷ್ಯರ ಹೆಸರಿಗೆ ಮಾತ್ರ ಅಂಕಣವಿಲ್ಲ. ಇಂದು ತಮ್ಮ ಪೂರ್ವಜರನ್ನು ಹುಡುಕುವ ಕಪ್ಪು ಅಮೆರಿಕನ್ನರು ಈ ಹಾಳೆಗೆ ಬಂದು ನಿಂತುಬಿಡುತ್ತಾರೆ. 35 ವರ್ಷ, ಹೆಣ್ಣು, ಕಪ್ಪು ಎಂಬ ಸಾಲಿನಲ್ಲಿ ಇರುವುದು ತಮ್ಮ ಅಜ್ಜಿಯ ಅಜ್ಜಿಯೇ ಎಂದು ಹೇಳಲು ಅದೊಂದರಿಂದ ಆಗುವುದಿಲ್ಲ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ದಕ್ಷಿಣದ ಬಿಳಿಯರೆಲ್ಲ ಒಡೆಯರಾಗಿರಲಿಲ್ಲ. ಯುದ್ಧದ ಹೊತ್ತಿಗೆ ಅಮೆರಿಕದ ಒಕ್ಕೂಟದಿಂದ ಬೇರೆಯಾಗಿಹೋದ ದಕ್ಷಿಣದ 11 ರಾಜ್ಯಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಬಿಳಿಯ ಕುಟುಂಬಕ್ಕೆ ಗುಲಾಮರಿದ್ದರು. ದಕ್ಷಿಣ ಕೆರೊಲಿನಾ ಮತ್ತು ಮಿಸಿಸಿಪಿಯಲ್ಲಿ ಇದು ಹತ್ತಿರ ಹತ್ತಿರ ಅರ್ಧದಷ್ಟು. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಗುಲಾಮರಿದ್ದ ದೊಡ್ಡ ತೋಟಗಳ ಒಡೆಯರು ಒಂದು ಚಿಕ್ಕ ಗುಂಪು. ಆದರೆ ಶಾಸನಸಭೆ, ನ್ಯಾಯಾಲಯ, ಪತ್ರಿಕೆ, ಸಾಲದ ವ್ಯವಹಾರ ಎಲ್ಲದರಲ್ಲೂ ಅವರದೇ ಮಾತು ನಡೆಯುತ್ತಿತ್ತು. ಗುಲಾಮರಿಲ್ಲದ ಬಿಳಿಯನೂ ಸುಗ್ಗಿಯಲ್ಲಿ ಪಕ್ಕದ ಒಡೆಯನಿಂದ ಆಳನ್ನು ಬಾಡಿಗೆಗೆ ಪಡೆಯುತ್ತಿದ್ದ, ತನ್ನ ಹತ್ತಿಯನ್ನು ಅವನ ಯಂತ್ರದಲ್ಲೇ ಬಿಡಿಸುತ್ತಿದ್ದ, ಮುಂದೊಂದು ದಿನ ತಾನೂ ಒಬ್ಬನನ್ನು ಕೊಳ್ಳುವ ಆಸೆ ಇಟ್ಟುಕೊಂಡಿದ್ದ. ಎಷ್ಟೇ ಬಡವನಾಗಿದ್ದರೂ ತಾನು ಮಾರಾಟವಾಗುವ ಜಾತಿಯವನಲ್ಲ ಎಂಬ ಹೆಮ್ಮೆ ಅವನಿಗಿತ್ತು. ಹುಟ್ಟಿನಿಂದ ಬರುವ ಮೇಲುಕೀಳನ್ನು ಕಂಡಿರುವ ನಮಗೆ ಈ ಹೆಮ್ಮೆಯ ಬಲವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗುಲಾಮಗಿರಿಯ ಸ್ವರೂಪವೂ ಎಲ್ಲೆಡೆ ಒಂದೇ ಆಗಿರಲಿಲ್ಲ. ದಕ್ಷಿಣ ಕೆರೊಲಿನಾದ ಕರಾವಳಿಯ ಭತ್ತದ ಗದ್ದೆಗಳಲ್ಲಿ ದಿನಕ್ಕೆ ಇಷ್ಟು ಎಂದು ಕೆಲಸ ಗೊತ್ತುಮಾಡುತ್ತಿದ್ದರು. ಅದು ಮುಗಿದರೆ ಉಳಿದ ಹೊತ್ತು ಅವರದು. ಭತ್ತದ ಕೆಲಸ ಬಲ್ಲ ಪಶ್ಚಿಮ ಆಫ್ರಿಕದವರನ್ನು ಅಲ್ಲಿಗೆ ಹೆಚ್ಚಾಗಿ ತಂದದ್ದರಿಂದ, ಬಿಳಿಯರು ಕಡಿಮೆ ಇದ್ದ ಆ ದ್ವೀಪಗಳಲ್ಲಿ ಗಲ್ಲಾ ಎಂಬ ಬೇರೆಯದೇ ಭಾಷೆ, ಬೇರೆಯದೇ ಬದುಕು ಬೆಳೆಯಿತು. ಹತ್ತಿ ತೋಟಗಳಲ್ಲಿ ಹಾಗಲ್ಲ. ಅಲ್ಲಿ ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ಸಾಲು ಕಟ್ಟಿಸಿ, ಮೇಸ್ತ್ರಿಯ ಚಾವಟಿಯ ಕೆಳಗೆ ದುಡಿಸುತ್ತಿದ್ದರು. ರಿಚ್ಮಂಡಿನ ಟ್ರೆಡೆಗಾರ್ ಕಬ್ಬಿಣದ ಕಾರ್ಖಾನೆಯಲ್ಲಿ ಗುಲಾಮರು ಕುಲುಮೆಯ ಮುಂದೆ ನಿಂತು ದುಡಿಯುತ್ತಿದ್ದರು. ಕಾರ್ಖಾನೆ ಬಂದಲ್ಲಿ ಗುಲಾಮಗಿರಿ ತಾನಾಗಿ ಸಾಯುತ್ತಿತ್ತು ಎನ್ನುವವರಿಗೆ ಈ ಒಂದು ಉದಾಹರಣೆ ಸಾಕು. ಇನ್ನು ಬಾಲ್ಟಿಮೋರ್ ನಗರಕ್ಕೆ ಬಂದರೆ ಚಿತ್ರವೇ ಬದಲು. 1860ರಲ್ಲಿ ಅಲ್ಲಿ ಸ್ವತಂತ್ರ ಕಪ್ಪು ಜನ 25,000ಕ್ಕೂ ಹೆಚ್ಚು, ಗುಲಾಮರು 2,000ದ ಆಸುಪಾಸು. ಗುಲಾಮನಾಗಿ ಹುಟ್ಟಿ ಮುಂದೆ ಗುಲಾಮಗಿರಿಯ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಾಸ್ ಬಾಲ್ಯದಲ್ಲಿ ಅಕ್ಷರ ಕಲಿತದ್ದೂ, 1838ರಲ್ಲಿ ತಪ್ಪಿಸಿಕೊಂಡು ಹೊರಟದ್ದೂ ಆ ಊರಿನಿಂದಲೇ.

ಉತ್ತರದ ಬಗ್ಗೆ ಹೇಳುವಾಗ ಮೊದಲು ತಿದ್ದಬೇಕಾದ ಕಲ್ಪನೆ ಎಂದರೆ ಅದು ಪೂರ್ತಿ ಕಾರ್ಖಾನೆಗಳ ನಾಡು ಎಂಬುದು. ಅಲ್ಲಿಯೂ ದುಡಿಯುವವರಲ್ಲಿ ನೂರಕ್ಕೆ ಸುಮಾರು 40 ಜನ ಬೇಸಾಯದಲ್ಲಿದ್ದರು. ಒಹಾಯೊ, ಇಂಡಿಯಾನ, ಇಲಿನಾಯ್, ಅಯೋವ ಇವೆಲ್ಲ ಗೋಧಿ ಮತ್ತು ಮುಸುಕಿನ ಜೋಳದ ಸೀಮೆಗಳು. ವ್ಯತ್ಯಾಸ ಇದ್ದದ್ದು ಆ ಹೊಲದಲ್ಲಿ ದುಡಿಯುವವರು ಯಾರು ಎಂಬುದರಲ್ಲಿ. ಕೂಲಿ ಕೊಟ್ಟು ದುಡಿಸಬೇಕಾದ ಕಡೆ ಆಳು ದುಬಾರಿ. ಹಾಗಾಗಿ ಕೊಯ್ಲು ಯಂತ್ರಕ್ಕೆ ಗಿರಾಕಿ ಹುಟ್ಟಿತು, ಮೆಕಾರ್ಮಿಕ್ ಅದನ್ನು ಶಿಕಾಗೊದಲ್ಲಿ ತಯಾರಿಸಿದ. 1840ರಲ್ಲಿ 5,000 ಜನವೂ ಇಲ್ಲದ ಶಿಕಾಗೊ 1860ಕ್ಕೆ 1 ಲಕ್ಷ 12 ಸಾವಿರದ ನಗರವಾಯಿತು. 1825ರಲ್ಲಿ ಈರಿ ಕಾಲುವೆ ತೆರೆದ ಮೇಲೆ, ಆಮೇಲೆ ರೈಲು ಬಂದ ಮೇಲೆ, ಮಧ್ಯ ಪಶ್ಚಿಮದ ಧಾನ್ಯ ಮಿಸಿಸಿಪಿ ನದಿಯಲ್ಲಿ ದಕ್ಷಿಣಕ್ಕೆ ಇಳಿಯುವುದನ್ನು ಕಡಿಮೆ ಮಾಡಿ ನ್ಯೂಯಾರ್ಕಿನ ಕಡೆ ತಿರುಗಿತು. ಐರ್ಲೆಂಡಿನ ಬರಗಾಲದಿಂದ, ಜರ್ಮನಿಯಿಂದ ಬಂದವರಲ್ಲಿ ಬಹುಪಾಲು ಜನ ಉತ್ತರದಲ್ಲೇ ನೆಲೆಸಿದರು. ದಕ್ಷಿಣದವರ ಬಂಡವಾಳವೆಲ್ಲ ನೆಲ ಮತ್ತು ಗುಲಾಮರಲ್ಲಿ ಸಿಕ್ಕಿಕೊಂಡಿದ್ದರಿಂದ ಅಲ್ಲಿ ಪಟ್ಟಣ, ರೈಲು, ಶಾಲೆ ಎಲ್ಲವೂ ವಿರಳ. ಮ್ಯಾಸಚೂಸೆಟ್ಸ್ ಒಂದೇ ರಾಜ್ಯದ ಕಾರ್ಖಾನೆಗಳ ಉತ್ಪಾದನೆ, ಬೇರೆಯಾಗಿಹೋದ 11 ರಾಜ್ಯಗಳದ್ದನ್ನು ಕೂಡಿಸಿದರೂ ಮೀರಿತ್ತು.

ಆದರೆ ಆ ಕಾರ್ಖಾನೆಗಳು ಯಾವ ಹತ್ತಿಯಿಂದ ನಡೆಯುತ್ತಿದ್ದವು? ಲೋವೆಲ್ ಪಟ್ಟಣದ ಗಿರಣಿಗಳಲ್ಲಿ ನೂಲಾಗುತ್ತಿದ್ದದ್ದು ಗುಲಾಮರು ಬಿಡಿಸಿದ ಹತ್ತಿ. ರೋಡ್ ಐಲೆಂಡಿನ ಗಿರಣಿಗಳು ಗುಲಾಮರಿಗೆ ತೊಡಿಸಲೆಂದೇ ಒರಟು ಬಟ್ಟೆ ನೇಯ್ದು ದಕ್ಷಿಣಕ್ಕೆ ಕಳಿಸುತ್ತಿದ್ದವು. ಹತ್ತಿಯ ಹಡಗು, ವಿಮೆ, ಸಾಲ ಎಲ್ಲದರಲ್ಲೂ ನ್ಯೂಯಾರ್ಕಿನ ವರ್ತಕರಿಗೆ ಪಾಲಿತ್ತು. 1861ರ ಜನವರಿಯಲ್ಲಿ ನ್ಯೂಯಾರ್ಕಿನ ಮೇಯರ್ ಫರ್ನಾಂಡೊ ವುಡ್, ನಗರವೇ ಒಕ್ಕೂಟದಿಂದ ಹೊರಬಂದು ಸ್ವತಂತ್ರ ಬಂದರಾಗಲಿ ಎಂದು ಸೂಚಿಸಿದ್ದು ಈ ಪಾಲಿನ ಬಲದಿಂದ. ಗುಲಾಮಗಿರಿ ಬೇಡ ಎನ್ನುತ್ತಿದ್ದ ಉತ್ತರದ ಬಿಳಿಯರಲ್ಲಿ ಹಲವರಿಗೆ ಕಪ್ಪು ಜನರೂ ಬೇಡವಾಗಿದ್ದರು. ಇಂಡಿಯಾನ 1851ರ ಸಂವಿಧಾನದಲ್ಲಿ, ಇಲಿನಾಯ್ 1853ರ ಕಾನೂನಿನಲ್ಲಿ ಹೊರಗಿನ ಕಪ್ಪು ಜನ ಬಂದು ನೆಲೆಸುವುದನ್ನೇ ನಿಷೇಧಿಸಿದವು. ಕಪ್ಪು ಗಂಡಸರಿಗೆ ಬಿಳಿಯರಿಗೆ ಸಮನಾದ ಮತದ ಹಕ್ಕು ಇದ್ದದ್ದು ದೇಶದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡ್ ಸೀಮೆಯ ಐದು ರಾಜ್ಯಗಳಲ್ಲಿ ಮಾತ್ರ. ನ್ಯೂಜೆರ್ಸಿಯಲ್ಲಿ 1860ರ ಗಣತಿಗೂ 18 ಜನ ಜೀತದಲ್ಲೇ ಸಿಕ್ಕಿದರು.

ಇಲಿನಾಯ್ ಒಂದೇ ರಾಜ್ಯವನ್ನು ಉದ್ದಕ್ಕೆ ನಡೆದು ನೋಡಿದರೂ ಉತ್ತರ ಎಂಬುದು ಎಷ್ಟು ಬಗೆಯದು ಎಂದು ತಿಳಿಯುತ್ತದೆ. ಅದರ ದಕ್ಷಿಣದ ತುದಿಯನ್ನು ಜನ ಈಜಿಪ್ಟ್ ಎಂದು ಕರೆಯುತ್ತಿದ್ದರು. ಅಲ್ಲಿ ನೆಲೆಸಿದ್ದವರಲ್ಲಿ ಬಹಳ ಮಂದಿ ಕೆಂಟಕಿ, ಟೆನೆಸೀ ಕಡೆಯಿಂದ ಬಂದವರು. ಗುಲಾಮಗಿರಿಯ ವಿರೋಧಿಗಳನ್ನು ಕಂಡರೆ ಅವರಿಗೆ ಆಗದು. ಉತ್ತರದ ತುದಿಯಲ್ಲಿ ನ್ಯೂ ಇಂಗ್ಲೆಂಡ್ ಮತ್ತು ನ್ಯೂಯಾರ್ಕಿನಿಂದ ಬಂದವರು. 1858ರಲ್ಲಿ ಸೆನೆಟ್ ಸ್ಥಾನಕ್ಕಾಗಿ ಲಿಂಕನ್ ಮತ್ತು ಅವರ ಎದುರಾಳಿ ಸ್ಟೀಫನ್ ಡಗ್ಲಾಸ್ ಏಳು ಊರುಗಳಲ್ಲಿ ವಾದಕ್ಕೆ ನಿಂತಾಗ, ಉತ್ತರದ ಫ್ರೀಪೋರ್ಟಿನಲ್ಲಿ ಸೇರಿದ ಜನರೇ ಬೇರೆ, ದಕ್ಷಿಣದ ಜೋನ್ಸ್‌ಬರೊದ ಜನರೇ ಬೇರೆ. ನಡುವಿನ ಚಾರ್ಲ್ಸ್‌ಟನ್ ಊರಿನಲ್ಲಿ ಲಿಂಕನ್, ತಾನು ಕಪ್ಪು ಮತ್ತು ಬಿಳಿಯ ಜನರ ಸಾಮಾಜಿಕ, ರಾಜಕೀಯ ಸಮಾನತೆಯ ಪರ ಅಲ್ಲ ಎಂದು ಬಾಯಿಬಿಟ್ಟು ಹೇಳಿದರು. ಆ ಮಾತನ್ನು ಮುಚ್ಚಿಡುವುದು ಸರಿಯಲ್ಲ. ಗುಲಾಮಗಿರಿ ತಪ್ಪು, ಅದು ಹೊಸ ನೆಲಕ್ಕೆ ಹಬ್ಬಕೂಡದು ಎಂಬ ಮಾತನ್ನು ಅವರು ಎಲ್ಲೂ ಬಿಟ್ಟುಕೊಡಲಿಲ್ಲ ಎಂಬುದನ್ನೂ ಮರೆಯಬಾರದು. ದಕ್ಷಿಣದ ಒಡೆಯರನ್ನು ಕೆರಳಿಸಿದ್ದು ಈ ಎರಡನೆಯ ಮಾತು.

ಏಕೆಂದರೆ ಜಗಳ ಹೆಚ್ಚಾಗಿ ಹೊತ್ತಿಕೊಂಡದ್ದು ಪಶ್ಚಿಮದ ಹೊಸ ನೆಲದಲ್ಲಿ. 1820ರ ಮಿಸ್ಸೂರಿ ಒಪ್ಪಂದ ಆ ನೆಲದಲ್ಲಿ 36 ಡಿಗ್ರಿ 30 ನಿಮಿಷ ಅಕ್ಷಾಂಶದ ಗೆರೆ ಎಳೆದು, ಅದರ ಉತ್ತರಕ್ಕೆ ಮಿಸ್ಸೂರಿ ಬಿಟ್ಟರೆ ಬೇರೆಲ್ಲೂ ಗುಲಾಮಗಿರಿ ಇಲ್ಲ ಎಂದಿತ್ತು. 1854ರ ಕಾನ್ಸಸ್-ನೆಬ್ರಾಸ್ಕ ಕಾನೂನು ಆ ಗೆರೆಯನ್ನು ಅಳಿಸಿತು, ಕಾನ್ಸಸ್‌ನಲ್ಲಿ ರಕ್ತ ಹರಿಯಿತು. 1857ರಲ್ಲಿ, ಬಿಡುಗಡೆ ಕೋರಿ ಮೊಕದ್ದಮೆ ಹೂಡಿದ್ದ ಡ್ರೆಡ್ ಸ್ಕಾಟ್ ಎಂಬ ಗುಲಾಮನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಹೊಸ ಪ್ರದೇಶಗಳಲ್ಲಿ ಗುಲಾಮಗಿರಿಯನ್ನು ನಿಷೇಧಿಸುವ ಅಧಿಕಾರವೇ ಸಂಸತ್ತಿಗಿಲ್ಲ ಎಂದಿತು, ಕಪ್ಪು ಜನ ಅಮೆರಿಕದ ಪ್ರಜೆಗಳಾಗಲಾರರು ಎಂದೂ ಹೇಳಿತು. ಅದುವರೆಗೆ ಕೇಂದ್ರದ ಅಧಿಕಾರ ದಕ್ಷಿಣದ ಕೈಯಲ್ಲೇ ಹೆಚ್ಚಾಗಿತ್ತು. ಪ್ರತಿನಿಧಿಗಳ ಸಂಖ್ಯೆ ಲೆಕ್ಕ ಹಾಕುವಾಗ ಐದು ಗುಲಾಮರನ್ನು ಮೂರು ಜನರೆಂದು ಎಣಿಸುವ ಸಂವಿಧಾನದ ವಿಧಿಯಿಂದ, ಮತವೇ ಇಲ್ಲದವರ ಲೆಕ್ಕದಲ್ಲಿ ಅವರ ಒಡೆಯರಿಗೆ ಹೆಚ್ಚಿನ ಸ್ಥಾನ ಸಿಗುತ್ತಿತ್ತು. ಯುದ್ಧಕ್ಕೆ ಮುಂಚಿನ 72 ವರ್ಷಗಳಲ್ಲಿ ಸುಮಾರು ಮೂರನೇ ಎರಡು ಭಾಗದಷ್ಟು ಕಾಲ ಅಧ್ಯಕ್ಷರಾಗಿದ್ದವರು ದಕ್ಷಿಣದ ಗುಲಾಮರ ಒಡೆಯರು. ಆದರೆ 1860ರ ಹೊತ್ತಿಗೆ ಮುಕ್ತ ರಾಜ್ಯಗಳು 18, ಗುಲಾಮ ರಾಜ್ಯಗಳು 15. ಹೊಸ ನೆಲ ಕೈತಪ್ಪಿದರೆ ಈ ಅಂತರ ಹಿಗ್ಗುತ್ತಲೇ ಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು.

ಈಗ ರಾಜ್ಯಗಳ ಹಕ್ಕಿನ ವಾದ. 1850ರ ಪರಾರಿ ಗುಲಾಮರ ಕಾನೂನನ್ನು ನೋಡಿ. ಓಡಿಬಂದವನೆಂದು ಹಿಡಿದ ವ್ಯಕ್ತಿಗೆ ಜ್ಯೂರಿಯ ವಿಚಾರಣೆ ಇಲ್ಲ, ತನ್ನ ಪರವಾಗಿ ಸಾಕ್ಷಿ ನುಡಿಯುವ ಹಕ್ಕೂ ಇಲ್ಲ. ಅವನನ್ನು ಒಡೆಯನಿಗೆ ಒಪ್ಪಿಸಿದರೆ ಕೇಂದ್ರದ ಕಮಿಷನರನಿಗೆ 10 ಡಾಲರ್ ಶುಲ್ಕ, ಬಿಟ್ಟರೆ 5 ಡಾಲರ್. ಉತ್ತರದ ರಾಜ್ಯಗಳು ತಮ್ಮ ಕಾನೂನುಗಳಿಂದ ಇದಕ್ಕೆ ಅಡ್ಡ ನಿಂತವು, ವಿಸ್ಕಾನ್ಸಿನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಇದನ್ನು ಅಸಿಂಧುವೆಂದಿತು. ಆಗ ಕೇಂದ್ರದ ಬಲ ಬಳಸಿ ಅವರನ್ನು ಬಗ್ಗಿಸಿ ಎಂದು ಕೂಗಿದವರು ದಕ್ಷಿಣದವರು. 1860ರ ಡಿಸೆಂಬರಿನಲ್ಲಿ ದಕ್ಷಿಣ ಕೆರೊಲಿನಾ ಹೊರಟುಹೋಗುವಾಗ ಹೊರಡಿಸಿದ ಘೋಷಣೆಯಲ್ಲಿ ದೂರಿದ್ದೂ ಇದನ್ನೇ: ಉತ್ತರದ ರಾಜ್ಯಗಳು ತಮ್ಮ ಕಾನೂನುಗಳಿಂದ ಪರಾರಿ ಗುಲಾಮರನ್ನು ಹಿಂದಿರುಗಿಸುವುದಕ್ಕೆ ತಡೆ ಹಾಕಿವೆ ಎಂದು. ಅಂದರೆ ರಾಜ್ಯಗಳು ತಮ್ಮ ಹಕ್ಕು ಚಲಾಯಿಸಿದ್ದೇ ಅವರ ದೂರು. ಮಿಸಿಸಿಪಿಯ ಘೋಷಣೆ ಇನ್ನೂ ನೇರ: ನಮ್ಮ ನಿಲುವು ಗುಲಾಮಗಿರಿಯ ವ್ಯವಸ್ಥೆಯೊಂದಿಗೆ, ಜಗತ್ತಿನ ಅತಿ ದೊಡ್ಡ ಭೌತಿಕ ಹಿತಾಸಕ್ತಿಯೊಂದಿಗೆ, ಪೂರ್ತಿಯಾಗಿ ಒಂದಾಗಿದೆ ಎಂದು ಅದು ಹೇಳುತ್ತದೆ. ಹೊರಟುಹೋದ ರಾಜ್ಯಗಳು ಸೇರಿ ಕಟ್ಟಿಕೊಂಡ ಕಾನ್ಫೆಡರಸಿಯ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್ 21ರಂದು ಸವಾನಾದಲ್ಲಿ ಮಾತನಾಡುತ್ತಾ, ಕಪ್ಪು ಮನುಷ್ಯ ಬಿಳಿಯನಿಗೆ ಸಮನಲ್ಲ ಎಂಬುದೇ ಹೊಸ ಸರ್ಕಾರದ ಅಡಿಗಲ್ಲು ಎಂದ. ಇವರು ಮುಚ್ಚುಮರೆಯಿಲ್ಲದೆ ಹೇಳಿದ್ದನ್ನು ಸೋತ ಮೇಲೆ ಬೇರೆ ಮಾತಿನಲ್ಲಿ ಹೇಳತೊಡಗಿದರು. ನಿಮ್ಮ ಪರಿಚಿತರ ಕಿವಿಗೆ ಬಿದ್ದದ್ದು ಆ ನಂತರದ ಮಾತು.

ಸುಂಕದ ಜಗಳ 1832ರಲ್ಲಿ ನಿಜವಾಗಿಯೂ ಜೋರಾಗಿತ್ತು. ದಕ್ಷಿಣ ಕೆರೊಲಿನಾ ಕೇಂದ್ರದ ಸುಂಕ ತನ್ನಲ್ಲಿ ನಡೆಯದು ಎಂದಾಗ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಸೇನೆಯ ಬೆದರಿಕೆ ಹಾಕಿದರು. ಆಗ ಅದರ ಬೆನ್ನಿಗೆ ಇನ್ನೊಂದು ರಾಜ್ಯವೂ ನಿಲ್ಲಲಿಲ್ಲ, ರಾಜಿಯಾಯಿತು. 1857ರಲ್ಲಿ ಸುಂಕವನ್ನು ಇನ್ನಷ್ಟು ಇಳಿಸಿದ್ದರು. ಸುಂಕ ಏರಿಸಿದ ಮಾರಿಲ್ ಕಾನೂನು ಅಂಗೀಕಾರವಾದದ್ದು 1861ರ ಮಾರ್ಚ್ 2ರಂದು. ಅಷ್ಟರಲ್ಲಿ ಏಳು ರಾಜ್ಯಗಳು ಹೊರಟುಹೋಗಿ ಆಗಿತ್ತು; ಅವುಗಳ ಸೆನೆಟರುಗಳು ಇದ್ದಿದ್ದರೆ ಅದು ಸೆನೆಟ್ ದಾಟುವುದೇ ಕಷ್ಟವಿತ್ತು.

ಯಾವ ರಾಜ್ಯ ಯಾವಾಗ ಹೊರಟಿತು ಎಂಬುದನ್ನು ಗಣತಿಯ ಪಕ್ಕದಲ್ಲಿಟ್ಟು ನೋಡಿದರೆ ನನ್ನ ಮಾತು ಇನ್ನಷ್ಟು ಗಟ್ಟಿಯಾಗುತ್ತದೆ. 1860ರ ನವೆಂಬರಿನ ಅಧ್ಯಕ್ಷ ಚುನಾವಣೆಯಲ್ಲಿ ಲಿಂಕನ್ ಗೆದ್ದ ಮೂರೇ ತಿಂಗಳಲ್ಲಿ ಹೊರಟ ಏಳು ರಾಜ್ಯಗಳ ಜನಸಂಖ್ಯೆಯಲ್ಲಿ ನೂರಕ್ಕೆ 47 ಗುಲಾಮರು. 1861ರ ಏಪ್ರಿಲ್ 12ರಂದು ದಕ್ಷಿಣ ಕೆರೊಲಿನಾದಲ್ಲಿದ್ದ ಕೇಂದ್ರ ಸೇನೆಯ ಕೋಟೆ ಫೋರ್ಟ್ ಸಮ್ಟರ್ ಮೇಲೆ ಗುಂಡು ಹಾರುವವರೆಗೆ ಕಾದು, ಲಿಂಕನ್ ಸೈನ್ಯ ಕರೆದಾಗ ಹೊರಟ ನಾಲ್ಕು ರಾಜ್ಯಗಳಲ್ಲಿ, ಅಂದರೆ ವರ್ಜಿನಿಯಾ, ಅರ್ಕಾನ್ಸಾ, ಟೆನೆಸೀ, ಉತ್ತರ ಕೆರೊಲಿನಾಗಳಲ್ಲಿ, 29. ಕೊನೆಗೂ ಹೋಗದ ಡೆಲಾವೇರ್, ಮೇರಿಲ್ಯಾಂಡ್, ಕೆಂಟಕಿ, ಮಿಸ್ಸೂರಿಗಳಲ್ಲಿ 14. ರಾಜ್ಯಗಳ ಒಳಗೂ ಇದೇ ಏಣಿ. 1861ರ ಜೂನ್ 8ರಂದು ಟೆನೆಸೀ ಮತ ಹಾಕಿದಾಗ ಅದರ ಪೂರ್ವದ ಬೆಟ್ಟಸೀಮೆ ಎರಡಕ್ಕೊಂದರಂತೆ ಒಕ್ಕೂಟದ ಪರ ನಿಂತಿತು. ಮುಂದೆ ಅಧ್ಯಕ್ಷರಾದ ಆಂಡ್ರ್ಯೂ ಜಾನ್ಸನ್ ಆ ಸೀಮೆಯವರು. ವರ್ಜಿನಿಯಾದ ವಾಯವ್ಯ ಕೌಂಟಿಗಳ ಪ್ರತಿನಿಧಿಗಳು ವೀಲಿಂಗ್ ಪಟ್ಟಣದಲ್ಲಿ ಸೇರಿದರು, 1863ರ ಜೂನ್ 20ರಂದು ವೆಸ್ಟ್ ವರ್ಜಿನಿಯಾ ಬೇರೆ ರಾಜ್ಯವಾಯಿತು. ಟೆಕ್ಸಸ್‌ನ ಬೆಟ್ಟಸೀಮೆಯಲ್ಲಿ ನೆಲೆಸಿದ್ದ ಜರ್ಮನರಲ್ಲಿ ಬಹಳ ಮಂದಿ ಬೇರ್ಪಡೆಗೆ ವಿರುದ್ಧ ಮತ ಹಾಕಿದರು, ಮರುವರ್ಷ ಅವರಲ್ಲಿ ಹಲವರು ಅದಕ್ಕಾಗಿ ಪ್ರಾಣ ತೆತ್ತರು. ಅದೇ ಟೆಕ್ಸಸ್‌ನ ರಾಜ್ಯಪಾಲ ಸ್ಯಾಮ್ ಹ್ಯೂಸ್ಟನ್ ಸ್ವತಃ ಗುಲಾಮರ ಒಡೆಯ. ಆದರೂ ಕಾನ್ಫೆಡರಸಿಗೆ ಪ್ರಮಾಣ ಮಾಡಲು ಒಪ್ಪದೆ ಅಧಿಕಾರ ಕಳೆದುಕೊಂಡರು. ಲೆಕ್ಕಕ್ಕೆ ಸಿಗದ ಇಂಥ ಮನುಷ್ಯರೂ ಇದ್ದರು.

ರಾಜಿಗೆ ಪ್ರಯತ್ನವೇ ಆಗಲಿಲ್ಲ ಎಂದುಕೊಳ್ಳಬೇಡಿ. ಕೆಂಟಕಿಯ ಸೆನೆಟರ್ ಜಾನ್ ಕ್ರಿಟೆಂಡನ್ ಹಳೆಯ ಗೆರೆಯನ್ನು ಪೆಸಿಫಿಕ್ ಸಾಗರದವರೆಗೂ ಎಳೆಯೋಣ ಎಂದರು. ಗುಲಾಮಗಿರಿ ಹಬ್ಬುವ ವಿಷಯದಲ್ಲಿ ಬಗ್ಗಬೇಡಿ ಎಂದು ಲಿಂಕನ್ ತಮ್ಮ ಪಕ್ಷದವರಿಗೆ ಬರೆದರು, ಅದು ಬಿದ್ದುಹೋಯಿತು. 1861ರ ಮಾರ್ಚಿನ ಆರಂಭದಲ್ಲಿ ಸಂಸತ್ತು ಸಂವಿಧಾನಕ್ಕೆ ಒಂದು ತಿದ್ದುಪಡಿಯನ್ನು ಅಂಗೀಕರಿಸಿತು. ಈಗಾಗಲೇ ಗುಲಾಮಗಿರಿ ಇರುವ ರಾಜ್ಯಗಳಲ್ಲಿ ಕೇಂದ್ರ ಎಂದೂ ಅದಕ್ಕೆ ಕೈ ಹಾಕಬಾರದು ಎಂಬುದು ಅದರ ಸಾರ. ಲಿಂಕನ್ ಕೂಡ ಆಕ್ಷೇಪಿಸಲಿಲ್ಲ. ಉತ್ತರ ಅಷ್ಟರ ಮಟ್ಟಿಗೆ ಬಿಟ್ಟುಕೊಡಲು ಸಿದ್ಧವಿತ್ತು ಎಂಬುದು ನಿಮ್ಮ ಮೂರನೆಯ ಪ್ರಶ್ನೆಗೆ ಕಹಿಯಾದ ಉತ್ತರ. ಹೊರಟ ಏಳು ರಾಜ್ಯಗಳಿಗೆ ಅದೂ ಸಾಲಲಿಲ್ಲ. ಅವುಗಳಿಗೆ ಹೊಸ ನೆಲವೂ ಬೇಕಿತ್ತು. ಒಕ್ಕೂಟದಲ್ಲೇ ಉಳಿದ ಕೆಂಟಕಿ ಮತ್ತು ಡೆಲಾವೇರ್‌ಗಳಿಗೆ ಲಿಂಕನ್ನರ 1863ರ ಘೋಷಣೆ ಅನ್ವಯಿಸಲೇ ಇಲ್ಲ. ಯುದ್ಧ ಮುಗಿದು, ಲಿಂಕನ್ ಕೊಲೆಯಾಗಿ, 1865ರ ಡಿಸೆಂಬರಿನಲ್ಲಿ ಹದಿಮೂರನೆಯ ತಿದ್ದುಪಡಿ ಜಾರಿಗೆ ಬರುವವರೆಗೂ ಅಲ್ಲಿ ಗುಲಾಮಗಿರಿ ಕಾನೂನುಬದ್ಧವಾಗಿಯೇ ಇತ್ತು.